ಪ್ಲಗ್-ಇನ್ ಸೋಲಾರ್ ಸಾಕಾ, ಚಾವಣಿಗೇ ಹಾಕಿಸಬೇಕಾ?

ಪ್ರಶ್ನೆ: ನಮ್ಮದು ಸ್ವಂತ ಮನೆ. ಹಗಲು ಅಮ್ಮ ಒಬ್ಬರೇ ಇರುತ್ತಾರೆ. ಫ್ರಿಜ್, ಫ್ಯಾನ್, ರೂಟರ್ ಸೇರಿ ಸುಮಾರು 250 ವ್ಯಾಟ್ ಓಡುತ್ತದೆ. ಬಾಲ್ಕನಿಗೆ 400 ವ್ಯಾಟ್‌ನ ಎರಡು ಪ್ಯಾನಲ್ ಕಟ್ಟಿ ಸಾಕೆಟ್‌ಗೆ ಸಿಕ್ಕಿಸಿದರೆ ಸಾಕಾ?

ಉತ್ತರ 1: ನಾನು ಎರಡನ್ನೂ ಬಳಸಿದ್ದೇನೆ. ನೀವು ಹೇಳಿದಷ್ಟಕ್ಕೆ ಎರಡು ಪ್ಯಾನಲ್ ಧಾರಾಳ. ಒಳ್ಳೆ ಬಿಸಿಲಿದ್ದಾಗ ಜಾಸ್ತಿಯಾದ ಕರೆಂಟ್ ಸುಮ್ನೆ ಗ್ರಿಡ್‌ಗೆ, ಅಂದರೆ ಹೊರಗಿನ ವಿದ್ಯುತ್ ಜಾಲಕ್ಕೆ ಹೋಗುತ್ತದೆ. ಆದರೆ ಗೀಸರ್ ಒಂದೇ 2000 ವ್ಯಾಟ್ ಎಳೆಯುತ್ತದೆ, ಅಲ್ವಾ? ನಮ್ಮ ಮನೆಗೆ ಎಸಿ, ಎಲೆಕ್ಟ್ರಿಕ್ ಕಾರು ಬಂದ ಮೇಲೆ 3 ಕಿಲೋವ್ಯಾಟ್ ಚಾವಣಿಗೆ ಹಾಕಿಸಿದೆ. ಮೊದಲೇ ಹಾಕಿಸಬೇಕಿತ್ತು ಅನ್ನಿಸಿತು. ಹಳೆಯ ಎರಡು ಪ್ಯಾನಲ್ ಬಿಚ್ಚಿ ತಂಗಿಗೆ ಕೊಟ್ಟೆ. ಬಾಡಿಗೆ ಮನೆಯವರಿಗೆ ಅದೇ ವರ.

ಪ್ರಶ್ನೆ ಕೇಳಿದವರು: ಕರೆಂಟ್ ಹೋದಾಗ ಫ್ರಿಜ್ ಓಡುತ್ತಾ?

ಉತ್ತರ 1: ಇಲ್ಲ. ಗ್ರಿಡ್ ನಿಂತ ಕೂಡಲೇ ಪ್ಯಾನಲ್‌ನ ಇನ್ವರ್ಟರ್ ಕೂಡ ನಿಲ್ಲುತ್ತದೆ. ಇದು ಬ್ಯಾಟರಿಯ ಯುಪಿಎಸ್ ಅಲ್ಲ, ಪ್ಯಾನಲ್‌ನ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಪೆಟ್ಟಿಗೆ. ತಂತಿ ರಿಪೇರಿ ಮಾಡುವವರಿಗೆ ಶಾಕ್ ಹೊಡೆಯಬಾರದಲ್ಲ. ಬ್ಯಾಟರಿ ಇಲ್ಲದ ಚಾವಣಿ ಸೋಲಾರ್ ಕೂಡ ಹಾಗೇ.

ಉತ್ತರ 2: ಮೊದಲು ನಿಮ್ಮ ಕಡೆಯ ನಿಯಮ ನೋಡಿ. ಜರ್ಮನಿಯಲ್ಲಿ 2024ರಲ್ಲಿ ಪ್ಲಗ್-ಇನ್ ಇನ್ವರ್ಟರ್‌ನ ಮಿತಿಯನ್ನು 600ರಿಂದ 800 ವ್ಯಾಟ್‌ಗೆ ಏರಿಸಿದರು. ಎಲ್ಲ ಕಡೆ ಹಾಗಿಲ್ಲ. ಮತ್ತೆ, ದಯವಿಟ್ಟು ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಸಿಕ್ಕಿಸಬೇಡಿ. ಗೋಡೆಯ ಸಾಕೆಟ್‌ಗೇ ಹಾಕಿ.