ಮನೆ ಬದಲಾದ ಮೇಲೆ ಅವ್ವನಿಗೆ ಮರೆವು: ಏನು ಮಾಡೋದು?

ಪ್ರಶ್ನೆ: ಜಗಳೂರು ಕಡೆಯ ಹಳ್ಳಿಯಿಂದ ದಾವಣಗೆರೆಗೆ ಬಂದ 76ರ ಅವ್ವನಿಗೆ ರಾತ್ರಿ ಬಚ್ಚಲು ಸಿಗಲ್ಲ. ಮನೆಯಲ್ಲಿ ಏನು ಬದಲಿಸಬೇಕು?

ಉತ್ತರ 1: ಜಾಗದ ನಕ್ಷೆ ಕಟ್ಟೋದು ಮೆದುಳಿನ ಹಿಪೊಕ್ಯಾಂಪಸ್, ವಯಸ್ಸಾದಂತೆ ಅದು ಸೊರಗುತ್ತೆ, ಹೊಸ ಮನೆ ಕಲಿಯೋದು ನಿಧಾನ. ಊರಲ್ಲಿ ಬಚ್ಚಲು ಮಂಚದ ಬಲಕ್ಕಿದ್ರೆ ಇಲ್ಲೂ ಬಲಕ್ಕೇ ಬರೋ ಹಾಗೆ ಮಂಚ ಹಾಕಿ. ದಾರಿಯುದ್ದಕ್ಕೂ ಮೊಣಕಾಲಿಗಿಂತ ಕೆಳಗೆ ಹಳದಿ ದೀಪ. ಬಿಳಿ ಟೈಲ್ಸ್ ಮೇಲೆ ಬಿಳಿ ಕಮೋಡ್ ಕಣ್ಣಿಗೆ ಬೀಳಲ್ಲ, ಗಾಢ ಬಣ್ಣದ ಸೀಟು ಹಾಕಿಸಿ. ಕಪ್ಪು ಕಾಲೊರಸು ತೆಗೆದುಬಿಡಿ, ಗುಂಡಿ ಅಂತ ಹೆದರಿ ನಿಲ್ತಾರೆ.

ಉತ್ತರ 2: ಕಿವಿ ಪರೀಕ್ಷೆ ಮಾಡ್ಸಿ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಮರೆವಿನ ಕಾಯಿಲೆಯ (ಡಿಮೆನ್ಷಿಯಾ) 14 ಅಪಾಯಗಳಲ್ಲಿ ಕಿವುಡು, ಜನರ ಒಡನಾಟ ಇಲ್ಲದಿರೋದು ಎರಡೂ ಇವೆ. ಬೆಳಿಗ್ಗೆ ಕುಂದವಾಡ ಕೆರೆ ದಂಡೆ ಮೇಲೆ ವಾಕಿಂಗ್ ಕರ್ಕೊಂಡು ಹೋಗಿ, ದಿನಾ ಒಂದೇ ದಾರಿ.

ಉತ್ತರ 3: ಒಂದೆರಡು ದಿನದಲ್ಲೇ ದಿಢೀರ್ ಗೊಂದಲ ಆಗಿದ್ರೆ ಮನೆಯನ್ನ ದೂರಬೇಡಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಕೆ ಇರಬಹುದು. ಅವತ್ತೇ ಡಾಕ್ಟರ್ ಹತ್ರ ಹೋಗಿ.