ಪದಚರ್ಚೆ: ಕಾರ್ಡಾಟದ ‘ಕ್ರೀಚರ್ ಟೈಪ್’ ಎಂಬುದಕ್ಕೆ ‘ಗಣ’ ಹೊಂದುವುದೇ?

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ವಾಚನಾಲಯವೊಂದಕ್ಕೆ ರಜಾದಿನಗಳಲ್ಲಿ ಬರುವ ಶಾಲಾಮಕ್ಕಳು ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡಾಟವನ್ನು ಬಹಳ ಆಸಕ್ತಿಯಿಂದ ಆಡುತ್ತಾರೆ. ಒಂದೇ ಬಗೆಯ ಕ್ರೀಚರ್‌ಗಳನ್ನು, ಅಂದರೆ ಆಟಗಾರನ ಪರವಾಗಿ ಹೋರಾಡುವ ಕಾರ್ಡುಗಳನ್ನು, ಒಟ್ಟುಗೂಡಿಸಿ ಡೆಕ್ (ಆಟಗಾರನ ಕಾರ್ಡುಗಳ ಕಟ್ಟು) ಕಟ್ಟುವುದು ಹೇಗೆ ಎಂಬುದನ್ನು ತಿಳಿಸುವ ಚಿಕ್ಕ ಕೈಪಿಡಿಯೊಂದನ್ನು ಅವರಿಗಾಗಿ ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಈ ಮಕ್ಕಳ ಮನೆಮಾತು ತುಳು, ಮಲಯಾಳ, ಹವ್ಯಕ ಕನ್ನಡ, ಕೊಂಕಣಿ, ಮರಾಟಿ ಹೀಗೆ ಹಲವು; ಎಲ್ಲರೂ ಸಮಾನವಾಗಿ ಓದಬಲ್ಲದ್ದು ಶಾಲೆಯಲ್ಲಿ ಕಲಿತ ಕನ್ನಡ. ಆದುದರಿಂದ ಪದಗಳು ಒಂದು ಮನೆಮಾತಿನವರಿಗೆ ಮಾತ್ರ ಹೊಳೆಯುವಂತೆ ಇರಬಾರದು, ನಿಘಂಟು ತೆರೆದು ಹುಡುಕುವಂತೆಯೂ ಇರಬಾರದು. ಮುಖ್ಯವಾಗಿ ‘ಕ್ರೀಚರ್’, ‘ಕ್ರೀಚರ್ ಟೈಪ್’ ಮತ್ತು ‘ಲಾರ್ಡ್’ ಎಂಬ ಮೂರರ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ರಿಚರ್ಡ್ ಗಾರ್‌ಫೀಲ್ಡ್ ರೂಪಿಸಿದ ಈ ಆಟ 1993ರಲ್ಲಿ ಹೊರಬಂತು. ಸಾಮಾನ್ಯ ಪಂದ್ಯದ ಡೆಕ್ಕಿನಲ್ಲಿ ಕನಿಷ್ಠ 60 ಕಾರ್ಡುಗಳಿರಬೇಕು. ಮೂಲ ಭೂಮಿಗಳ (ಕಾರ್ಡು ಆಡಲು ಬೇಕಾದ ‘ಮನಾ’ ಎಂಬ ಶಕ್ತಿಯನ್ನು ಕೊಡುವ ಕಾರ್ಡುಗಳ) ಹೊರತು ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಕ್ರೀಚರ್ ಕಾರ್ಡಿನ ಚಿತ್ರದ ಕೆಳಗೆ ‘ಗಾಬ್ಲಿನ್ ವಾರಿಯರ್’ (ಗಾಬ್ಲಿನ್ ಎಂದರೆ ಪಾಶ್ಚಾತ್ಯ ಕಥೆಗಳ ಕುಳ್ಳ ಕಿಡಿಗೇಡಿ, ವಾರಿಯರ್ ಎಂದರೆ ಯೋಧ) ಎಂಬಂತೆ ಅದರ ಟೈಪನ್ನು ಸೂಚಿಸುವ ಸಾಲು ಇರುತ್ತದೆ. ಬಲಬದಿಯ ಕೆಳಮೂಲೆಯಲ್ಲಿ ಅದರ ಬಲವನ್ನೂ ತಾಳಿಕೆಯನ್ನೂ ತಿಳಿಸುವ ಎರಡು ಅಂಕೆಗಳಿರುತ್ತವೆ. ಒಂದು ಟೈಪನ್ನು ಆರಿಸಿಕೊಂಡು, ಅದೇ ಟೈಪಿನವೂ ಆ ಟೈಪಿಗೆ ಬಲ ಕೊಡುವವೂ ಆದ ಕಾರ್ಡುಗಳನ್ನೇ ಹೆಚ್ಚಾಗಿ ತುಂಬಿದರೆ ಅದು ‘ಟ್ರೈಬಲ್ ಡೆಕ್’.

‘ಕ್ರೀಚರ್’ ಎಂಬುದಕ್ಕೆ ‘ಪ್ರಾಣಿ’ ಆಗದು, ಏಕೆಂದರೆ ಇಲ್ಲಿ ಮನುಷ್ಯರೂ ಕ್ರೀಚರ್‌ಗಳೇ. ‘ಸತ್ತ್ವ’ ಎಂಬುದಕ್ಕೆ ಸಂಸ್ಕೃತದಲ್ಲಿ ಈ ಅರ್ಥ ಇದೆಯಾದರೂ ಇಂದಿನ ಓದುಗನಿಗೆ ಅದು ಸಾರ, ಶಕ್ತಿ ಎಂದೇ ಕೇಳಿಸುವುದರಿಂದ ಮೂಲೆಯಲ್ಲಿರುವ ಬಲದ ಅಂಕೆಯೊಡನೆ ಗೊಂದಲವಾಗುತ್ತದೆ. ಯಕ್ಷಗಾನದ ನೆಲದಲ್ಲಿರುವ ನನಗೆ ‘ಪಾತ್ರ’ ಎಂಬುದು ಬಹಳ ದಿನ ಹಿಡಿಸಿತ್ತು. ಕಪಿ, ಕಾಡಾನೆ, ಪ್ರೇತ ಯಾವುದನ್ನೂ ಪಾತ್ರ ಎನ್ನಬಹುದು. ಆದರೆ 2007ರ ಲಾರ್ವಿನ್ ಎಂಬ ಕಾರ್ಡು ಸಂಪುಟದಿಂದ ಈ ಆಟದಲ್ಲಿ ‘ಪ್ಲೇನ್ಸ್‌ವಾಕರ್’ (ಲೋಕದಿಂದ ಲೋಕಕ್ಕೆ ಸಂಚರಿಸುವವರು) ಎಂಬ ಬೇರೊಂದು ವರ್ಗ ಇದೆ. ಅವರೂ ಕಥೆಯ ಪಾತ್ರಗಳೇ, ಆದರೆ ಕ್ರೀಚರ್‌ಗಳಲ್ಲ. ಹೀಗೆ ಅನಿವಾರ್ಯವಾಗಿ ‘ಜೀವಿ’ಗೆ ಬಂದು ನಿಂತಿದ್ದೇನೆ. ಇದಕ್ಕೂ ಒಂದು ತೊಡಕಿದೆ: ಈ ಆಟದಲ್ಲಿ ಕಲ್ಲಿನ ಗೋಡೆಯೂ ಕ್ರೀಚರ್. ‘ಗೋಡೆಗೆ ಜೀವ ಉಂಟಾ?’ ಎಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಆದರೂ ‘ಜೀವಿ’ಯನ್ನು ಬಿಟ್ಟುಕೊಡದಿರಲು ನನಗಿರುವ ಕಾರಣ, ಆಟದ ನಿಯಮವು ರಣಾಂಗಣದಿಂದ (ಆಡಿದ ಕಾರ್ಡುಗಳಿರುವ ಜಾಗದಿಂದ) ಮಸಣಕ್ಕೆ (ಮುಗಿದ ಕಾರ್ಡುಗಳ ರಾಶಿಗೆ) ಹೋದ ಕ್ರೀಚರ್ ಅನ್ನು, ಅದು ಗೋಡೆಯೇ ಆಗಿರಲಿ, ‘ಸತ್ತಿತು’ ಎಂದೇ ಹೇಳುತ್ತದೆ. ಸಾಯುವುದನ್ನು ಜೀವಿ ಎನ್ನಲು ಅಡ್ಡಿಯಿಲ್ಲವೆಂದು ತೋರುತ್ತದೆ.

ಇನ್ನು ‘ಟೈಪ್’ ಮತ್ತು ‘ಟ್ರೈಬ್’. ‘ಜಾತಿ’ ಎಂಬುದು ಅರ್ಥದಿಂದ ಹತ್ತಿರವಾದರೂ, ಶಾಲೆಯ ಮಕ್ಕಳು ಎದುರುಬದುರು ಕುಳಿತು ‘ನಿನ್ನದು ಯಾವ ಜಾತಿ?’ ಎಂದು ಕೇಳಿಕೊಳ್ಳುವಂತೆ ಮಾಡುವ ಕೈಪಿಡಿಯನ್ನು ನಾನು ಬರೆಯಲಾರೆ. ಮೂಲದಲ್ಲಿಯೂ ಇಂತಹದೇ ಹಿಂಜರಿಕೆ ಹುಟ್ಟಿ, ಆಟದ ಪ್ರಕಾಶಕರು 2023ರಲ್ಲಿ ‘ಟ್ರೈಬಲ್’ ಎಂಬ ಕಾರ್ಡುವರ್ಗದ ಹೆಸರನ್ನು ‘ಕಿಂಡ್ರೆಡ್’ (ಬಂಧುವರ್ಗ) ಎಂದು ಬದಲಿಸಿದರು. ನಮ್ಮ ಕಡೆ ತುಳುವರಲ್ಲಿ ಬಳಕೆಯಲ್ಲಿರುವ ‘ಬಳಿ’ ಅಥವಾ ‘ಬರಿ’ ಎಂಬ ಪದ ನೆನಪಾಯಿತಾದರೂ ಅದು ತಾಯಿಯ ಕಡೆಯಿಂದ ಬರುವ ಸಂಬಂಧ. ಕನ್ನಡದ ಓದುಗರಿಗೆ ‘ಬಳಿ’ ಎಂದರೆ ಹತ್ತಿರ ಎಂದೇ ಆಗುತ್ತದೆ.

‘ಕುಲ’ವನ್ನು ಒಪ್ಪದಿರಲು ಕಾರಣ ಆಟದೊಳಗೇ ಇದೆ. ‘ಗಾಬ್ಲಿನ್ ವಾರಿಯರ್’ ಎಂಬಲ್ಲಿ ಗಾಬ್ಲಿನ್ ಹುಟ್ಟನ್ನು ಹೇಳಿದರೆ ವಾರಿಯರ್ ಕಸುಬನ್ನು ಹೇಳುತ್ತದೆ. ನಿಯಮದ ದೃಷ್ಟಿಯಲ್ಲಿ ಎರಡೂ ಕ್ರೀಚರ್ ಟೈಪುಗಳೇ. ಗಾಬ್ಲಿನ್‌ಗಳನ್ನು ಮಾತ್ರ ಸೇರಿಸಿ ಡೆಕ್ ಕಟ್ಟಬಹುದು, ಅಥವಾ ಮನುಷ್ಯ, ಎಲ್ಫ್, ಗಾಬ್ಲಿನ್ ಎಂಬ ಭೇದವಿಲ್ಲದೆ ಯೋಧರನ್ನೆಲ್ಲ ಸೇರಿಸಿಯೂ ಕಟ್ಟಬಹುದು. ‘ಯೋಧಕುಲ’ ಎಂದರೆ ಮಕ್ಕಳು ಹುಟ್ಟಿನಿಂದ ಬಂದದ್ದೆಂದು ತಿಳಿದು ಎರಡನೆಯ ದಾರಿಯನ್ನು ಕಾಣದೆ ಹೋಗುತ್ತಾರೆ.

‘ಗಣ’ ಎಂಬ ಪದ ನನಗೆ ಒಪ್ಪಿಗೆಯಾದದ್ದು ಇಲ್ಲಿಯೇ. ಶಿವಗಣ, ಪ್ರಮಥಗಣ ಎಂಬಲ್ಲಿ ಅದು ಮನುಷ್ಯರಲ್ಲದವರ ಸಮೂಹವನ್ನು ಹೇಳುತ್ತದೆ. ಅದಕ್ಕಿಂತಲೂ ಹೆಚ್ಚಿನ ಬೆಂಬಲ ಜಾತಕದಿಂದ ದೊರೆಯುತ್ತದೆ. ಮದುವೆಯ ಮೇಳಾಮೇಳಿ ನೋಡುವಾಗ ದೇವಗಣ, ಮನುಷ್ಯಗಣ, ರಾಕ್ಷಸಗಣ ಎಂಬ ಮೂರನ್ನು ಎಣಿಸುತ್ತಾರೆ. ‘ಹುಡುಗನದು ರಾಕ್ಷಸಗಣ’ ಎಂದಾಗ ಒಂಟಿ ವ್ಯಕ್ತಿಯೊಬ್ಬ ಯಾವ ಬಗೆಗೆ ಸೇರಿದವನೆಂಬುದು ತಿಳಿಯುತ್ತದೆ. ಸಮೂಹವನ್ನೂ, ಸಮೂಹದಲ್ಲಿ ಒಬ್ಬನಿಗಿರುವ ಸೇರ್ಪಡೆಯನ್ನೂ ಒಂದೇ ಪದ ಹೇಳುವುದು ಈ ಆಟಕ್ಕೆ ಅತ್ಯಗತ್ಯ. ಹುಟ್ಟಿಗೂ ಕಸುಬಿಗೂ ಅದು ಸಮವಾಗಿ ಒದಗುತ್ತದೆ: ಗಾಬ್ಲಿನ್ ಗಣ, ಯೋಧಗಣ. ಡೆಕ್ಕಿಗೆ ‘ಕಟ್ಟು’ ಎಂದರೆ, ‘ಒಂದು ಗಣದ ಕಟ್ಟು’ ಎಂಬ ಮಾತು ಮಕ್ಕಳ ಬಾಯಲ್ಲಿ ಸಲೀಸಾಗಿ ನಿಲ್ಲುತ್ತದೆ.

ಪದವನ್ನು ಒರೆಗೆ ಹಚ್ಚುವುದು ಕಾರ್ಡಿನ ವಾಕ್ಯದಲ್ಲಿ. ‘ಎಲ್ವಿಶ್ ಆರ್ಚ್‌ಡ್ರೂಯಿಡ್’ ಎಂಬ ಕಾರ್ಡಿನ ಮೇಲಿನ ಮಾತನ್ನು ಹೀಗೆ ಬರೆದಿದ್ದೇನೆ: ‘ನಿನ್ನ ವಶದಲ್ಲಿರುವ ಎಲ್ಫ್ ಗಣದ ಇತರ ಜೀವಿಗಳಿಗೆ +1/+1 ದೊರೆಯುತ್ತದೆ. ಇದನ್ನು ಅಡ್ಡಲಾಗಿ ತಿರುಗಿಸಿದರೆ, ನಿನ್ನ ವಶದಲ್ಲಿರುವ ಎಲ್ಫ್ ಒಂದಕ್ಕೆ ಒಂದರಂತೆ ಹಸಿರು ಮನಾ ದೊರೆಯುತ್ತದೆ.’ +1/+1 ಎಂದರೆ ಬಲಕ್ಕೂ ತಾಳಿಕೆಗೂ ಒಂದೊಂದು ಹೆಚ್ಚು. ಇಲ್ಲಿ ‘ಇತರ’ ಎಂಬುದನ್ನು ಬಿಡುವಂತಿಲ್ಲ. ಈ ಕಾರ್ಡಿನ ಅಂಕೆ 2/2. ಒಂದೇ ಇದ್ದರೆ ತನಗೆ ತಾನು ಬಲ ಕೊಟ್ಟುಕೊಳ್ಳದು, ಎರಡಿದ್ದರೆ ಒಂದನ್ನೊಂದು ಎತ್ತಿ ಎರಡೂ 3/3 ಆಗುತ್ತವೆ. ಇಂತಹ ಕಾರ್ಡನ್ನು ನಾಲ್ಕೂ ಪ್ರತಿ ತುಂಬಿಸಬೇಕೆಂದು ಅನುಭವಿಗಳು ಹೇಳುವುದು ಇದೇ ಕಾರಣಕ್ಕೆ. ‘ನಿನ್ನ ವಶದಲ್ಲಿರುವ’ ಎಂಬುದೂ ಅಷ್ಟೇ ಮುಖ್ಯ. ‘ಲಾರ್ಡ್ ಆಫ್ ಅಟ್ಲಾಂಟಿಸ್’ ಕಾರ್ಡಿನಲ್ಲಿ ಆ ಮಾತು ಇಲ್ಲದಿರುವುದರಿಂದ ಎದುರಾಳಿಯ ಮರ್‌ಫೋಕ್ (ಮತ್ಸ್ಯಮಾನವ) ಗಣಕ್ಕೂ ಅದು ಬಲ ಕೊಡುತ್ತದೆ.

ಹೀಗೆ ಗಣಕ್ಕೆ ಬಲ ಕೊಡುವ ಜೀವಿಯನ್ನು ಆಟಗಾರರು ‘ಲಾರ್ಡ್’ ಎನ್ನುತ್ತಾರೆ. ಗಣನಾಯಕ, ಗಣಾಧಿಪ, ಗಣನಾಥ ಎಲ್ಲವೂ ವಿಘ್ನೇಶ್ವರನ ಹೆಸರುಗಳಾದುದರಿಂದ ಅವುಗಳನ್ನು ಮುಟ್ಟಲಾರೆ. ‘ಒಡೆಯ’ ಸರಳವಾಗಿದೆ, ಆದರೆ ಒಡೆಯನು ಹೊರಗಿನವನೂ ಆಗಿರಬಹುದು. 1993ರ ಮೊದಲ ಮುದ್ರಣದಲ್ಲಿ ಲಾರ್ಡ್ ಆಫ್ ಅಟ್ಲಾಂಟಿಸ್‌ನ ಟೈಪ್ ‘ಲಾರ್ಡ್’ ಎಂದಷ್ಟೇ ಇತ್ತು, ಅವನು ಮರ್‌ಫೋಕ್ ಆಗಿರಲಿಲ್ಲ. ಆಗ ‘ಒಡೆಯ’ ಎಂಬುದೇ ಸರಿ. ಈಗಿನ ನಿಯಮದಲ್ಲಿ ಅವನೂ ಮರ್‌ಫೋಕ್. ಇಲ್ಲಿಗೆ ನಮ್ಮ ‘ಗುರಿಕಾರ’ ಚೆನ್ನಾಗಿ ಒಪ್ಪುತ್ತಾನೆ. ಕಾಸರಗೋಡಿನಲ್ಲಿ ಗುರಿಕಾರನೆಂದರೆ ಸಮುದಾಯದ ಹಿರಿಯ. ತಾನೂ ಅದೇ ಸಮುದಾಯದವನಾಗಿದ್ದು ಉಳಿದವರಿಗೆ ಬೆನ್ನಾಗಿ ನಿಲ್ಲುವವನು.

‘ಚೇಂಜ್‌ಲಿಂಗ್’ ಎಂಬ ಗುಣಕ್ಕೆ ಮಾತ್ರ ಹೆಚ್ಚು ಹುಡುಕಬೇಕಾಗಲಿಲ್ಲ. ಅದಿರುವ ಜೀವಿ ಎಲ್ಲ ಗಣಗಳಿಗೂ ಸೇರಿದ್ದು. ಯಾವ ಕಟ್ಟಿನಲ್ಲಿಯೂ ಕೊರತೆ ತುಂಬಲು ಬರುತ್ತದೆ. ಮಾರೀಚನ ಪ್ರಸಂಗ ನೋಡಿದ ಮಕ್ಕಳಿಗೆ ‘ಕಾಮರೂಪಿ’ ಎಂದರೆ ಸಾಕು.

ಗಣಗಳ ಹೆಸರುಗಳಲ್ಲಿ ಎರಡನ್ನು ಚರ್ಚೆಗೆ ಇಡುತ್ತೇನೆ. ‘ಸ್ಪಿರಿಟ್’ ಎಂಬುದನ್ನು ‘ಭೂತ’ ಎಂದು ಘಟ್ಟದ ಮೇಲಿನವರು ಸುಲಭವಾಗಿ ಬರೆದಾರು. ಇಲ್ಲಿ ಭೂತವೆಂದರೆ ದೈವ. ಕೋಲ ಕೊಟ್ಟು, ಕೈಮುಗಿದು, ದೈವದ ನುಡಿ ಕೇಳುವ ಮನೆಯ ಮಗು ‘ಭೂತ ಸತ್ತಿತು’ ಎಂದು ಓದುವಂತೆ ಆಗಬಾರದು. ‘ಆತ್ಮ’ ಎಂದು ಬರೆದಿದ್ದೇನೆ, ತೃಪ್ತಿಯಿಲ್ಲ. ಎರಡನೆಯದು ‘ಡೀಮನ್’. 2014ರ ಖಾನ್ಸ್ ಆಫ್ ತಾರ್ಕಿರ್ ಸಂಪುಟದಲ್ಲಿ ಹೆಸರಿನಲ್ಲಿಯೇ ‘ರಾಕ್ಷಸ’ ಎಂದಿರುವ ಕಾರ್ಡುಗಳಿವೆ, ಆದರೆ ಅವುಗಳ ಟೈಪಿನ ಸಾಲಿನಲ್ಲಿ ಇರುವುದು ‘ಕ್ಯಾಟ್ ಡೀಮನ್’. ಗಣವನ್ನು ಎಣಿಸುವಾಗ ಆ ಸಾಲನ್ನು ಮಾತ್ರ ನೋಡಬೇಕು, ಹೆಸರು ಲೆಕ್ಕಕ್ಕಿಲ್ಲ. ಡೀಮನ್‌ಗೆ ‘ರಾಕ್ಷಸ’ ಎಂದರೆ ಹೆಸರೂ ಗಣವೂ ಒಂದೇ ಎಂಬ ತಪ್ಪು ತಿಳುವಳಿಕೆ ಮೂಡುವುದರಿಂದ ‘ಬೆಕ್ಕು, ಅಸುರ’ ಎಂದು ಬರೆಯುವುದು ಕ್ಷೇಮವೆನಿಸುತ್ತದೆ. ಅಂತಹ ಕಾರ್ಡು ಬೆಕ್ಕುಗಳ ಕಟ್ಟಿಗೂ ಸಲ್ಲುತ್ತದೆಂಬುದು ಆಗ ಓದಿದೊಡನೆ ತಿಳಿಯುತ್ತದೆ.

ನನ್ನ ಪ್ರಶ್ನೆಗಳು ಇವು. ಕರ್ನಾಟಕದ ಗಣಿತಪಾಠದಲ್ಲಿ ‘ಗಣ’ ಎಂಬುದು ‘ಸೆಟ್’ ಎಂಬ ಅರ್ಥದಲ್ಲಿ ನೆಲೆನಿಂತಿರುವುದು ಈ ಬಳಕೆಗೆ ಅಡ್ಡಿಯಾಗುವುದೇ, ಅಥವಾ ಸಹಾಯವೇ ಆಗುವುದೇ? ‘ಗುರಿಕಾರ’ ಎಂದರೆ ಸೊಲ್ಲಾಪುರ, ಅಕ್ಕಲಕೋಟೆ, ಹೊಸೂರು, ಮಡಕಶಿರಾ ಕಡೆಯ ಕನ್ನಡಿಗರಿಗೆ ಮುಖಂಡನೆಂಬ ಅರ್ಥ ಹೊಳೆಯುವುದೇ, ಇಲ್ಲವೇ ಗುರಿಯಿಟ್ಟು ಹೊಡೆಯುವವನು ಮಾತ್ರ ನೆನಪಾಗುವನೇ? ಹಾಗಿದ್ದರೆ ಗಣದೊಳಗಿನವನೇ ಆದ ಹಿರಿಯನಿಗೆ ತಮ್ಮ ಕಡೆ ಬಳಸುವ ಪದ ಯಾವುದು? ‘ಸ್ಪಿರಿಟ್’ಗೆ ದೈವದ ಅರ್ಥ ಸೋಂಕದ ಪದವೊಂದಿದ್ದರೆ ಅದನ್ನೂ ಬಳಕೆಯ ಉದಾಹರಣೆಯೊಡನೆ ತಿಳಿಸಬೇಕಾಗಿ ಕೋರುತ್ತೇನೆ.