ಪತ್ರಿಕಾ ದಿನಾಚರಣೆಯ ವೇದಿಕೆ ಮೇಲೆ ಪತ್ರಕರ್ತರು ಎಲ್ಲಿದ್ದರು?

ಬಳ್ಳಾರಿ ಬಿಸಿಲು: ನಮ್ಮ ಬಳ್ಳಾರಿಯಲ್ಲಿ ಜುಲೈ 1ರ ಪತ್ರಿಕಾ ದಿನಾಚರಣೆಗೆ ಹೋಗಿದ್ದೆ. ವೇದಿಕೆ ತುಂಬಾ ರಾಜಕಾರಣಿಗಳು. ವರದಿಗಾರರೆಲ್ಲ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಶಾಲು, ಊಟಕ್ಕೆ ದುಡ್ಡು ಕೊಟ್ಟವರ ಹೆಸರು ಫ್ಲೆಕ್ಸ್ ಮೇಲೆ ದೊಡ್ಡದಾಗಿ ಇತ್ತು. ಯಾರ ಬಗ್ಗೆ ಬರೆಯಬೇಕೋ ಅವರ ಕೈಯಿಂದಲೇ ಶಾಲು ಹೊದಿಸಿಕೊಂಡರೆ ನಾಳೆ ಏನು ಬರೆಯುತ್ತಾರೆ? ಮೇಲೆ ‘ಕನ್ನಡದ ಮೊದಲ ಪತ್ರಿಕೆ ಅಚ್ಚಾದ ಊರು’ ಅಂತ ಭಾಷಣ ಬೇರೆ. ಪತ್ರಿಕಾ ಸ್ವಾತಂತ್ರ್ಯವೇ ಇಲ್ಲ ಅಂದ ಮೇಲೆ ಪ್ರಜಾಪ್ರಭುತ್ವ ಅಂದ್ರೆ ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ, ಅಷ್ಟೇ.

ರಾಯಚೂರು ವಕೀಲ: ‘ಸ್ವಾತಂತ್ರ್ಯವೇ ಇಲ್ಲ’ ಅನ್ನೋದು ತಪ್ಪು. ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ)ನಲ್ಲಿ ಪತ್ರಿಕೆ ಅನ್ನೋ ಹೆಸರಿಲ್ಲದಿದ್ದರೂ ಹಕ್ಕು ಇದೆ. ‘ಕ್ರಾಸ್ ರೋಡ್ಸ್’ ವಾರಪತ್ರಿಕೆಯನ್ನು ಮದ್ರಾಸ್ ಸರ್ಕಾರ ನಿಷೇಧಿಸಿತ್ತು. 1950ರಲ್ಲೇ ರೊಮೇಶ್ ಥಾಪರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆಗ ನಿಮ್ಮ ಬಳ್ಳಾರಿ ಮದ್ರಾಸಿನಲ್ಲೇ ಇತ್ತು ಸ್ವಾಮಿ.

ಕೌಲ್ ಬಜಾರ್ ಹುಡುಗ: 1950 ಹೇಳಿ 1951 ನುಂಗಿಬಿಟ್ರಲ್ಲ ವಕೀಲರೇ? ಮರುವರ್ಷವೇ ಮೊದಲ ತಿದ್ದುಪಡಿ ತಂದು ‘ಸಾರ್ವಜನಿಕ ಸುವ್ಯವಸ್ಥೆ’ ಅಂತ ಹೊಸ ಬೀಗ ಹಾಕಿದರು.

ರಾಯಚೂರು ವಕೀಲ: ಬೀಗ ಅಲ್ಲ, ‘ಯುಕ್ತ ನಿರ್ಬಂಧ’. ಓದಿಕೊಂಡು ಬನ್ನಿ.

ಕರಾವಳಿ ಮಾಣಿ (ಈಗ ತೋರಣಗಲ್ಲು): ‘ಮೊದಲ ಪತ್ರಿಕೆ ಅಚ್ಚಾದ ಊರು’ ಬಳ್ಳಾರಿಯಾ? ಎಂತ ಮಾರಾಯ್ರೇ! ಮೊದಲ ಪತ್ರಿಕೆ ಮಂಗಳೂರಿನ ‘ಮಂಗಳೂರ ಸಮಾಚಾರ’, 1843ರ ಜುಲೈ 1, ಹೊರತಂದವರು ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್. ಆ ದಿನಕ್ಕೇ ತಾನೇ ನೀವು ಇಲ್ಲಿ ಶಾಲು ಹೊದ್ದದ್ದು?

ಗಣಿಧೂಳು: ಅದೇ ಪತ್ರಿಕೆ 1844ರಲ್ಲಿ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಆಯಿತು. ಅದನ್ನು ಮಾತ್ರ ಹೇಳಲ್ಲ. ಮಂಗಳೂರಲ್ಲಿ ಬರೀ ಕಲ್ಲಚ್ಚು, ಅಂದ್ರೆ ಕಲ್ಲಿನ ಮೇಲೆ ಬರೆದು ಒತ್ತೋದು. ಸರಿಯಾದ ಅಚ್ಚು ಬೇಕು ಅಂತ ಇಲ್ಲಿಗೆ ಬಂದರು.

ಕರಾವಳಿ ಮಾಣಿ: ‘ಬರೀ ಕಲ್ಲಚ್ಚು’? ಕಲ್ಲಚ್ಚು ಅಚ್ಚಲ್ವಾ? ಮಗು ಹುಟ್ಟಿದ್ದು ನಮ್ಮಲ್ಲಿ, ನಾಮಕರಣ ನಿಮ್ಮಲ್ಲಿ ಆಯಿತು ಅಂತ ತಾಯಿ ಬದಲಾಗ್ತಾಳಾ?

ಗಣಿಧೂಳು: ಹೆಸರಲ್ಲಿ ಒಂದು ಊರು ಬಿಟ್ಟು ‘ಕನ್ನಡ’ ಅಂತ ಬಂದಿದ್ದು ಬಳ್ಳಾರಿಯಲ್ಲೇ. ಮೊದಲು ಅದನ್ನು ಒಪ್ಪಿಕೊಳ್ಳಿ.

ಕೊಪ್ಪಳದ ವರದಿಗಾರ್ತಿ: ನಾನು ತಾಲ್ಲೂಕು ಸುದ್ದಿ ಬರೆಯುವವಳು. ಸಂಬಳ ಇಲ್ಲ, ಜಾಹೀರಾತಿನ ಕಮಿಷನ್ ಮಾತ್ರ. ಯುಗಾದಿ ಪುರವಣಿಗೆ ಟಾರ್ಗೆಟ್ ಬೇರೆ. ಒಂದು ಹಾಸ್ಟೆಲ್‌ನಲ್ಲಿ ಅಕ್ಕಿ ಮೂಟೆ ಬಿಚ್ಚಿಸಿ ಫೋಟೊ ತೆಗೆದೆ. ಹುಳ ಹರಿದಾಡುತ್ತಿದ್ದವು. ಹುಡುಗಿಯರು ತಟ್ಟೆಯಂಚಿಗೆ ಆರಿಸಿಟ್ಟು ಉಳಿದದ್ದು ತಿನ್ನುತ್ತಿದ್ದರು. ಅಕ್ಕಿ ಪೂರೈಸುವವರೇ ನಮಗೆ ಅರ್ಧ ಪುಟದ ಜಾಹೀರಾತು ಕೊಡುವವರು. ಸುದ್ದಿ ಬಂತು, ಒಳಪುಟದಲ್ಲಿ: ‘ಹಾಸ್ಟೆಲ್‌ಗೆ ಮೂಲಸೌಕರ್ಯ ಕಲ್ಪಿಸಲು ಮನವಿ’. ಫೋಟೊ ಇಲ್ಲ. 19(1)(ಎ) ಹಿಡಿದು ನಾನು ಯಾರ ಮೇಲೆ ಕೇಸ್ ಹಾಕಲಿ?

ರಾಯಚೂರು ವಕೀಲ: ‘ಜಾಹೀರಾತು’ ಪಾಪವಲ್ಲ ಮೇಡಂ, ಅದಿಲ್ಲದೆ ಪತ್ರಿಕೆ ಬದುಕಲ್ಲ. ಪುಟ ಕಡಿಮೆಯಾದರೆ ಜಾಹೀರಾತೂ ಕಡಿಮೆ; ಸರ್ಕಾರ ಪತ್ರಿಕೆಗಳಿಗೆ ಹಾಕಿದ್ದ ಹತ್ತು ಪುಟದ ಮಿತಿಯನ್ನು 1972ರಲ್ಲಿ ಬೆನೆಟ್ ಕೋಲ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ನಿಮಗೆ ಅನ್ಯಾಯ ಆಗಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಿ.

ಕೌಲ್ ಬಜಾರ್ ಹುಡುಗ: ‘ಪತ್ರಿಕಾ ಮಂಡಳಿ’! ಛೀಮಾರಿ ಹಾಕುತ್ತೆ, ದಂಡ ಹಾಕೋ ಅಧಿಕಾರ ಇಲ್ಲ. ತುರ್ತು ಪರಿಸ್ಥಿತಿಯಲ್ಲಿ ಆ ಮಂಡಳಿಯನ್ನೇ ಮುಚ್ಚಿದ್ದರು. ಜಾಗತಿಕ ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕದಲ್ಲಿ 2025ರಲ್ಲಿ 180 ದೇಶಗಳಲ್ಲಿ ನಾವು 151ನೇಯವರು.

ರಾಯಚೂರು ವಕೀಲ: ಹಿಂದಿನ ವರ್ಷ 159 ಇತ್ತು. ಮೇಲೆ ಬಂದಿದ್ದೇವಲ್ಲ?

ಬಳ್ಳಾರಿ ಬಿಸಿಲು: ಸಂಭ್ರಮ ಪಡಿ. 2017ರಲ್ಲಿ ನಮ್ಮ ವಿಧಾನಸಭೆ ಏನು ಮಾಡಿತು? ನಮ್ಮೂರಿನವರೇ ಆದ ರವಿ ಬೆಳಗೆರೆ ಸೇರಿ ಇಬ್ಬರು ಪತ್ರಕರ್ತರಿಗೆ, ಶಾಸಕರ ಬಗ್ಗೆ ಬರೆದದ್ದಕ್ಕೆ, ಹಕ್ಕುಚ್ಯುತಿ (ಸದನದ ವಿಶೇಷ ಹಕ್ಕಿಗೆ ಧಕ್ಕೆ) ಅಂತ ಒಂದು ವರ್ಷ ಜೈಲು ಶಿಕ್ಷೆ ಘೋಷಿಸಿತು. ದೂರು ಕೊಟ್ಟವರೂ ಶಾಸಕರು, ತೀರ್ಪು ಕೊಟ್ಟವರೂ ಶಾಸಕರು. ಮಾನಹಾನಿ ಆಗಿದ್ದರೆ ಎಲ್ಲರ ಹಾಗೆ ಕೋರ್ಟಿಗೆ ಹೋಗಬೇಕಿತ್ತು.

ಗಣಿಧೂಳು: ‘ನಮ್ಮೂರಿನವರೇ’ ಅಂದ್ರಲ್ಲ, ಅಲ್ಲಿಗೆ ಆಯಿತು. ಪತ್ರಿಕೆಗೆ ಬಳ್ಳಾರಿಯೇ ತವರು. ಕರಾವಳಿಯವರು ಎಲ್ಲಿ ಹೋದರು?

ಕರಾವಳಿ ಮಾಣಿ: ಇಲ್ಲೇ ಇದ್ದೇನೆ. ಅಷ್ಟು ಹೆಮ್ಮೆ ಇದ್ದರೆ ಗಣಿ ಲೂಟಿ ನಡೆಯುವಾಗ ನಿಮ್ಮ ತವರಿನ ಪೇಪರ್‌ಗಳು ಏನು ಮಾಡುತ್ತಿದ್ದವು? ಲೂಟಿ ಬಯಲು ಮಾಡಿದ್ದು 2011ರ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ. ಗಣಿ ನಿಲ್ಲಿಸಿದ್ದು ಸುಪ್ರೀಂ ಕೋರ್ಟ್. ಅಂದ ಹಾಗೆ ಹೆಗ್ಡೆಯವರು ನಮ್ಮ ಕಡೆಯವರು.

ಗಣಿಧೂಳು: ಲೋಕಾಯುಕ್ತರಿಗೂ ಊರು ಹಚ್ಚಿದಿರಾ? ವರದಿಯಲ್ಲಿ ಏನಿತ್ತು ಅಂತ ಜನರಿಗೆ ತಿಳಿಸಿದ್ದು ಯಾರು? ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಸುಮ್ನೆ ರಾಜೀನಾಮೆ ಕೊಟ್ಟರಾ? ಕೆಂಪು ಧೂಳು ಕುಡಿದವರು ನಾವು, ನಮಗೆ ಪಾಠ ಬೇಡ.

ರಾಯಚೂರು ವಕೀಲ: ವರದಿಗಾರ್ತಿ ಮೇಡಂ, ಧೈರ್ಯ ಇದ್ದರೆ ಆ ಪತ್ರಿಕೆ ಹೆಸರು ಹೇಳಿ. ಹೆಸರಿಲ್ಲದ ಆರೋಪಕ್ಕೆ ಬೆಲೆ ಇಲ್ಲ.

ಕೊಪ್ಪಳದ ವರದಿಗಾರ್ತಿ: ಹೇಳಿದರೆ ನಿಮ್ಮ ಮನೆಗೆ ನಾಳೆಯೂ ಪೇಪರ್ ಬರುತ್ತೆ. ನನ್ನ ಐಡಿ ಕಾರ್ಡ್ ವಾಪಸ್ ಕೇಳುತ್ತಾರೆ. ವಕಾಲತ್ತು ನೀವು ಹಾಕುತ್ತೀರಾ? ಫೀಸ್ ಇಲ್ಲದೆ?

ರಾಯಚೂರು ವಕೀಲ: ವಿಷಯಾಂತರ ಮಾಡಬೇಡಿ.

ಕರಾವಳಿ ಮಾಣಿ: ಕಲ್ಲಚ್ಚು ಅಚ್ಚಲ್ವಾ ಅಂತ ಕೇಳಿದ್ದೆ. ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.